ಗುಳಿಗೆ ನಿಲ್ಲಿಸುವವರು ಯಾರು?

ನವಿಲುತೀರ್ಥದ ಸುತ್ತಲಿನ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆ ಎಪ್ಪತ್ತು ದಾಟಿದವರ ಗುಳಿಗೆಗಳೆಲ್ಲ ಸಾಮಾನ್ಯವಾಗಿ ಒಂದೇ ಕ್ಯಾರಿಬ್ಯಾಗಿನಲ್ಲಿರುತ್ತವೆ. ಬಿಪಿಯದು ಊರ ದವಾಖಾನೆಯಲ್ಲಿ ಬರೆದದ್ದು, ಹೃದಯದ್ದು ಬೆಳಗಾವಿಯಲ್ಲಿ, ಮೊಣಕಾಲಿನದು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ. ಕ್ಯಾಲ್ಸಿಯಂ ಮತ್ತು ಶಕ್ತಿಯ ಪುಡಿಯನ್ನು ಬೆಂಗಳೂರಿನ ಮಗ ತಂದಿರುತ್ತಾನೆ. ಹಳ್ಳಿಯ ಮೆಡಿಕಲ್ಲಿನಲ್ಲಿ ಚೀಟಿಯಿಲ್ಲದೆ ಕೊಂಡ ನೋವಿನ ಗುಳಿಗೆಯೂ ಅದರಲ್ಲೇ ಇರುತ್ತದೆ. ಪ್ರತಿಯೊಂದನ್ನೂ ಶುರು ಮಾಡಿದವರಿದ್ದಾರೆ. ಎಲ್ಲವನ್ನೂ ಒಟ್ಟಿಗೆ ನೋಡುವವರು ಮಾತ್ರ ಯಾರೂ ಇಲ್ಲ.

ವಯಸ್ಸಾದವರಿಗೆ ಗುಳಿಗೆಯ ಚಟ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೇಳಿದ್ದನ್ನು ತಪ್ಪದೆ ಪಾಲಿಸುವವರ ಮೇಲೆ ಆ ತಪ್ಪನ್ನು ಹೊರಿಸುವುದು ಅನ್ಯಾಯ. ಹಾಗೆಂದು ಎಣಿಕೆಯೇ ದೋಷವೂ ಅಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಿ ತೆಗೆದುಕೊಳ್ಳುವುದನ್ನು ವೈದ್ಯಲೋಕ ಬಹು ಔಷಧಿ ಬಳಕೆ ಎನ್ನುತ್ತದೆ. ಆದರೆ ಹೃದಯಾಘಾತವಾದವರಿಗೆ ಆ ಐದೂ ಬೇಕಾಗಬಹುದು. ಯಾವುದು ಇನ್ನೂ ಬೇಕು, ಯಾವುದರ ಕೆಲಸ ಮುಗಿದಿದೆ ಎಂದು ಕೇಳುವವರಿಲ್ಲದಿರುವುದೇ ತೊಂದರೆ.

ಅದು ಹೇಗೆ ಬೆಳೆಯುತ್ತದೆ ನೋಡಿ. ಬಿಪಿಗೆ ಅಮ್ಲೋಡಿಪಿನ್ ಕೊಡುತ್ತಾರೆ. ಕೆಲವರಿಗೆ ಅದರಿಂದ ಪಾದ ಬಾಯುತ್ತದೆ. ಬಾವನ್ನು ಹೊಸ ಕಾಯಿಲೆಯೆಂದು ತಿಳಿದು ಮೂತ್ರ ಹೆಚ್ಚಿಸುವ ಗುಳಿಗೆ ಸೇರಿಸುತ್ತಾರೆ. ರಾತ್ರಿ ಮೂರು ಸಲ ಏಳಬೇಕು, ತಲೆ ತಿರುಗುತ್ತದೆ, ಬಚ್ಚಲಲ್ಲಿ ಬೀಳುತ್ತಾರೆ. ಆಗ ನೋವಿಗೆ ಇನ್ನೊಂದು ಗುಳಿಗೆ, ಅದರಿಂದ ಹೊಟ್ಟೆ ಉರಿದರೆ ಮತ್ತೊಂದು. ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆ, ಮೂತ್ರದ ಗುಳಿಗೆ, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ಮೂರೂ ಕೂಡಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನೀರು ಸಾಲದ ಬೇಸಿಗೆಯಲ್ಲಂತೂ ಅಪಾಯ ಇನ್ನೂ ಹೆಚ್ಚು. ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗಿ ಬಂದು ಮೊಣಕಾಲು ನೋವಿಗೆ ಎರಡು ಗುಳಿಗೆ ನುಂಗುವ ಅಜ್ಜಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ?

ಉಪವಾಸದ್ದೂ ಹಾಗೆಯೇ. ಗ್ಲೈಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗೆ ತೆಗೆದುಕೊಂಡು ಉಣ್ಣದೆ ಇದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ವಯಸ್ಸಾದಂತೆ ಕಿಡ್ನಿಯ ಶಕ್ತಿ ಕುಗ್ಗುವುದರಿಂದ ಹಲವು ಔಷಧಿಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಕ್ಯಾಲ್ಸಿಯಂ ಗುಳಿಗೆಯನ್ನು ಥೈರಾಯ್ಡ್ ಗುಳಿಗೆಯ ಜೊತೆಗೇ ನುಂಗಿದರೆ ಥೈರಾಯ್ಡ್ ಗುಳಿಗೆ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ನಡುವೆ ನಾಲ್ಕು ತಾಸು ಅಂತರ ಬೇಕು.

ಹಿರಿಯರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲೇ ಪ್ರಕಟಿಸಿದರು. 2023ರಲ್ಲಿ ಅದರ ಪರಿಷ್ಕರಣೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿಯನ್ನು ತಗ್ಗಿಸುವ ಅಭಿಯಾನ ಆರಂಭಿಸಿತು. ತಿಳಿವಳಿಕೆಯ ಕೊರತೆ ಇಲ್ಲ. ಆದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬೆಳಗಾವಿಯ ತಜ್ಞರು ಬರೆದದ್ದನ್ನು ಮುಟ್ಟಲು ಹಿಂಜರಿಯುತ್ತಾರೆ. ತಜ್ಞರು ತಮ್ಮ ಅಂಗವನ್ನಷ್ಟೇ ನೋಡಿ ಕಳಿಸುತ್ತಾರೆ. ಮನೆಯವರಿಗೆ ದೊಡ್ಡ ಡಾಕ್ಟರನ್ನು ಪ್ರಶ್ನಿಸುವ ಧೈರ್ಯವಿಲ್ಲ. ಶುರು ಮಾಡುವುದಕ್ಕೆ ಎಲ್ಲರಿಗೂ ಅಧಿಕಾರ, ನಿಲ್ಲಿಸುವುದಕ್ಕೆ ಯಾರಿಗೂ ಇಲ್ಲ.

ಆ ಅಧಿಕಾರವನ್ನು ಊರಿನ ವೈದ್ಯರಿಗೆ ಸ್ಪಷ್ಟವಾಗಿ ಕೊಡಬೇಕು ಎಂಬುದು ನನ್ನ ವಾದ. ರೋಗಿಯ ಬಿಪಿ, ಶುಗರ್, ಊಟ, ಉಪವಾಸ, ನಡಿಗೆ ಎಲ್ಲ ಹತ್ತಿರದಿಂದ ಕಾಣುವುದು ಅವರಿಗೇ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ತಪಾಸಣೆಯನ್ನು ಮನೆಬಾಗಿಲಿಗೆ ತಂದಿತು. ಮನೆಗೆ ಬಂದವರು ಬಿಪಿ ಅಳೆದ ಹಾಗೆಯೇ ಕ್ಯಾರಿಬ್ಯಾಗಿನಲ್ಲಿರುವುದನ್ನೆಲ್ಲ ಬರೆದುಕೊಂಡು ವೈದ್ಯರಿಗೆ ತೋರಿಸಿದರೆ ಅರ್ಧ ಕೆಲಸ ಆದಂತೆ. ತಜ್ಞರ ಔಷಧಿ ಬದಲಿಸುವಾಗ ಅವರಿಗೆ ಫೋನ್ ಮಾಡಿ ಕೇಳಬಹುದು. ಇದರಲ್ಲಿ ಯಾರ ಘನತೆಯೂ ಕುಂದುವುದಿಲ್ಲ.

ಇದನ್ನು ಓದಿ ಯಾರೂ ತಾವಾಗಿಯೇ ಗುಳಿಗೆ ಬಿಡಬಾರದು. ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಥಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು ಬರಬಹುದು. ಹೊಟ್ಟೆ ಉರಿಗೆ ಬಹಳ ದಿನ ತೆಗೆದುಕೊಂಡ ಪ್ಯಾಂಟೊಪ್ರಜೋಲ್ ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಇನ್ನೂ ಹೆಚ್ಚಾಗಿ ಉಕ್ಕಬಹುದು. ಅದಿಲ್ಲದೆ ಬದುಕಲಾರೆ ಎಂದುಕೊಂಡು ಜನ ಮತ್ತೆ ಶುರು ಮಾಡುತ್ತಾರೆ. ಇಂಥವನ್ನು ಹಂತಹಂತವಾಗಿ ಇಳಿಸಬೇಕು. ಆದ್ದರಿಂದ ಚೀಟಿಯಲ್ಲಿ ಔಷಧಿಯ ಹೆಸರಿನ ಪಕ್ಕದಲ್ಲೇ ಅದು ಯಾವುದಕ್ಕೆ, ಎಲ್ಲಿಯವರೆಗೆ, ಮತ್ತೆ ಯಾವಾಗ ನೋಡಬೇಕು ಎಂಬುದನ್ನು ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಲಿ.