ಗಣಕಯಂತ್ರದ ಅಂಗವಿಚಾರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಅನೇಕ ಮನೆಗಳಲ್ಲಿ, ಕೆಲವು ವರ್ಷಗಳ ಹಿಂದೆ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೊಂಡ ಕಂಪ್ಯೂಟರು ಈಗ ಏಳಲಾರದೆ ಏಳುವ ಸ್ಥಿತಿಗೆ ಬಂದಿರುವುದುಂಟು. ಇದರ ಮೇಲೆ, ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಈ ಸುದ್ದಿಯಿಂದ ಕಳವಳಗೊಂಡು, ಹಳೆಯದನ್ನು ಮೂಲೆಗೆ ನೂಕಿ, ಹೊಸದಕ್ಕಾಗಿ ಸಾಲಕ್ಕೆ ಕೈಯೊಡ್ಡುವ ಗೃಹಸ್ಥರಿರುವರು. ಸಾಲದ ಪತ್ರಕ್ಕೆ ರುಜು ಹಾಕುವುದಕ್ಕೆ ಮುಂಚೆ ಪೆಟ್ಟಿಗೆಯೊಳಗಣ ಅಂಗಗಳನ್ನು ಒಮ್ಮೆ ವಿಚಾರಮಾಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನಮ್ಮ ತಾರ್ಕಿಕರು ಹೇಳಿರುವರು. ಒಂದು ಪದವು ಮತ್ತೊಂದನ್ನು ಬಯಸುವುದು ಆಕಾಂಕ್ಷೆ. ಎರಡರ ಅರ್ಥವೂ ತಮ್ಮಲ್ಲಿ ಹೊಂದುವುದು ಯೋಗ್ಯತೆ. ವಿಳಂಬವಿಲ್ಲದೆ ಒಂದರ ಹಿಂದೆ ಒಂದು ಬರುವುದು ಸನ್ನಿಧಿ. ಗಣಕಯಂತ್ರದ ಅಂಗಗಳಿಗೂ ಈ ಮೂರು ಮಾತುಗಳು ಚೆನ್ನಾಗಿ ಸಲ್ಲುವುವು.

ಮೊದಲು ಸನ್ನಿಧಿಯನ್ನು ನೋಡೋಣ. ಗಳಿಗೆಗೊಂದು ಪದವನ್ನು ಉಚ್ಚರಿಸಿದರೆ ಕೇಳುವವನಿಗೆ ವಾಕ್ಯವೇ ಆಗದು. ಹಳೆಯ ಯಂತ್ರದ ಮಾಂದ್ಯಕ್ಕೆ ಬಹಳಮಟ್ಟಿಗೆ ಇದೇ ಕಾರಣ. ಅದರ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರಲು, ಒಂದು ಸಣ್ಣ ಕಡ್ಡಿಯು ಅತ್ತಿತ್ತ ಚಲಿಸಿ ಬೇಕಾದ ಅಕ್ಷರಗಳನ್ನು ಹುಡುಕಿ ತರಬೇಕು. ಎಸ್‌ಎಸ್‌ಡಿ ಎಂಬ ಸಂಗ್ರಹಾಂಗದಲ್ಲಿ ತಿರುಗುವ ಭಾಗವೇ ಇಲ್ಲ. ಹುಡುಕುವ ಕಾಲವೂ ಬಹಳ ಸ್ವಲ್ಪ. ಹಾರ್ಡ್ ಡಿಸ್ಕನ್ನು ಜೋಡಿಸಿರುವ ಸಾಟಾ ತಂತಿಗೇ ಇದನ್ನೂ ಜೋಡಿಸಬಹುದು. ಏಳಲು ಹಲವು ನಿಮಿಷ ತೆಗೆದುಕೊಳ್ಳುವ ಯಂತ್ರಕ್ಕೆ ಈ ಒಂದು ಬದಲಾವಣೆಯಿಂದ ಆಗುವಷ್ಟು ಉಪಕಾರವು ಬೇರೆ ಯಾವುದರಿಂದಲೂ ಆಗಲಾರದು.

ಇನ್ನು ಯೋಗ್ಯತೆ. ಬೆಂಕಿಯಿಂದ ತೋಟವನ್ನು ತೋಯಿಸೆಂದರೆ ವ್ಯಾಕರಣದಲ್ಲಿ ದೋಷವಿಲ್ಲ, ಅರ್ಥದಲ್ಲಿ ಹೊಂದಿಕೆಯಿಲ್ಲ. ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ತಲೆಮಾರುಗಳುಂಟು. ಇವುಗಳ ಕಚ್ಚುಗಳ ಸ್ಥಾನಗಳು ಬೇರೆ ಬೇರೆ. ಒಂದರ ಮನೆಯಲ್ಲಿ ಇನ್ನೊಂದು ಕೂರದು. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಕಾಲುಗಳ ಸಂಖ್ಯೆ 288 ಆಗಿಯೇ ಇದ್ದರೂ ಕಚ್ಚಿನ ಸ್ಥಾನ ಬೇರೆಯಾಗಿರುವುದರಿಂದ ಬಲವಂತ ಮಾಡಿದವರಿಗೆ ಮದರ್‌ಬೋರ್ಡ್ ಮುರಿದೀತು. ಇದಕ್ಕಿಂತಲೂ ಮೋಸದ ಉದಾಹರಣೆಯೊಂದಿದೆ. ಇಂಟೆಲ್ ಸಂಸ್ಥೆಯ ಆರು, ಏಳನೆಯ ತಲೆಮಾರಿನ ಸಂಸ್ಕಾರಕಗಳಿಗೂ ಎಂಟನೆಯದಕ್ಕೂ ಎಲ್‌ಜಿಎ 1151 ಎಂಬ ಪೀಠವು ಹೆಸರಿನಿಂದ ಒಂದೇ. ಆದರೂ ಮೊದಲಿನವುಗಳಿಗಾಗಿ ಮಾಡಿದ ಬೋರ್ಡಿಗೆ ಎಂಟನೆಯದು ಒಗ್ಗದು. ಆದ ಕಾರಣ ಅಂಗಡಿಗೆ ಹೋಗುವಾಗ ಬೋರ್ಡಿನ ಮೇಲೆ ಅಚ್ಚಾಗಿರುವ ಹೆಸರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗತಕ್ಕದ್ದು.

ಆಕಾಂಕ್ಷೆಯೆಂದರೆ, ಯಾವ ಕೆಲಸವು ಯಾವ ಅಂಗವನ್ನು ಬಯಸುವುದೆಂಬ ವಿವೇಕ. ಪತ್ರ ಬರೆಯುವುದು, ಲೆಕ್ಕವಿಡುವುದು, ಪಾಠಗಳನ್ನು ಕೇಳುವುದು ಇಷ್ಟೇ ಆದರೆ 8 ಜಿಬಿ ರ‍್ಯಾಮ್ ಸಾಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಡ. ಚಲಚ್ಚಿತ್ರಗಳನ್ನು ಸಂಕಲಿಸುವ ಅಥವಾ ಎಂಜಿನಿಯರಿಂಗ್ ನಕ್ಷೆಗಳನ್ನು ರಚಿಸುವ ಮಗನೋ ಮಗಳೋ ಇದ್ದರೆ ಮಾತು ಬೇರೆ. ಕನ್ನಡದಲ್ಲಿ ಬರೆಯುವುದಕ್ಕಂತೂ ಯಾವ ವಿಶೇಷ ಅಂಗವೂ ಬೇಕಿಲ್ಲ. 1991ರಲ್ಲಿ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿತ್ತು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸವು ಸಾಧಾರಣ ಕೀಲಿಮಣೆಯ ಮೇಲೆಯೇ ನಡೆಯುವುದು.

ಜನರು ಅಲಕ್ಷ್ಯಮಾಡುವ ಅಂಗವೆಂದರೆ ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್. ಹೊರಗೆ ಕಾಣದ ಕಾರಣ ಅಗ್ಗದ್ದನ್ನೇ ಹಾಕಿಸುವುದು ರೂಢಿಯಾಗಿದೆ. ಅದು ಕೆಟ್ಟರೆ ತಾನೊಂದೇ ಕೆಡದೆ ಮಿಕ್ಕ ಅಂಗಗಳನ್ನೂ ಸುಡಬಲ್ಲದು. ಅದರ ಮೇಲೆ 80 ಪ್ಲಸ್ ಎಂಬ ಗುರುತನ್ನು ನೋಡಿ ಕೊಳ್ಳತಕ್ಕದ್ದು. ಅರಕಲಗೂಡಿನ ಕಡೆಯ ಮುಂಗಾರಿನ ಗುಡುಗು ಸಿಡಿಲುಗಳನ್ನು ಬಲ್ಲವರಿಗೆ ಸರಿಯಾದ ಅರ್ಥಿಂಗಿನ ಅವಶ್ಯಕತೆಯನ್ನು ನಾವು ವಿಸ್ತರಿಸಬೇಕಾಗಿಲ್ಲ. ಯುಪಿಎಸ್ ಇದ್ದರೂ ಸಿಡಿಲಿನ ವೇಳೆ ತಂತಿಯನ್ನು ಕಿತ್ತಿಡುವುದೇ ಕ್ಷೇಮ.

ವಿಂಡೋಸ್ 11 ಬೇಕೆಂಬುವರು ಮೊದಲು ತಮ್ಮ ಯಂತ್ರದ ಅರ್ಹತೆಯನ್ನು ಪರೀಕ್ಷಿಸಲಿ. ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ರಕ್ಷಣಾಂಗ ಇವು ಕನಿಷ್ಠ. ಇಂಟೆಲ್ ಆದರೆ ಹೆಚ್ಚು ಕಡಮೆ ಎಂಟನೆಯ ತಲೆಮಾರಿನಿಂದೀಚಿನ ಸಂಸ್ಕಾರಕವಿರಬೇಕು. ಇಲ್ಲದ ಯಂತ್ರವು ನಿಷ್ಪ್ರಯೋಜಕವೆಂದು ತಿಳಿಯಲಾಗದು. ಹಣ ಕೊಡದೆ ದೊರೆಯುವ ಲಿನಕ್ಸ್ ವ್ಯವಸ್ಥೆಗಳಲ್ಲಿ ಹಲವು ಹಳೆಯ ಯಂತ್ರಗಳ ಮೇಲೂ ಚೆನ್ನಾಗಿ ನಡೆದು ಕನ್ನಡವನ್ನೂ ತೋರಿಸುವುವು. ದಿನಾಂಕವೇ ತಪ್ಪಾಗಿ ತೋರುತ್ತಿದ್ದರೆ ಗಾಬರಿ ಬೇಡ. ಬೋರ್ಡಿನ ಮೇಲಿನ ಸಿಆರ್2032 ಎಂಬ ಬಿಲ್ಲೆಯಾಕಾರದ ಬ್ಯಾಟರಿಯನ್ನು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುವುದು.

ಎಲ್ಲಿ ಕೊಳ್ಳಬೇಕು? ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯು ಬಿಡಿ ಅಂಗಗಳ ದೊಡ್ಡ ಪೇಟೆಯೆಂಬುದು ಪ್ರಸಿದ್ಧ. ಆದರೆ ಹಾಸನಕ್ಕೂ ಬೆಂಗಳೂರಿಗೂ ಸುಮಾರು 180 ಕಿಲೋಮೀಟರು. ಅಂಗವು ಕೆಟ್ಟರೆ ಖಾತರಿಗಾಗಿ ಪುನಃ ಹೋಗಿಬರುವ ಬಸ್ಸಿನ ಖರ್ಚನ್ನೂ ಹೋದ ದಿನವನ್ನೂ ಬೆಲೆಗೆ ಕೂಡಿಸಿದರೆ, ಊರ ಅಂಗಡಿಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟದ್ದೇ ಲಾಭವಾಗಬಹುದು. ಎಲ್ಲಿ ಕೊಂಡರೂ ಕ್ರಮಸಂಖ್ಯೆ ಬರೆದ ರಸೀತಿಯನ್ನು ಕೇಳಿ ಪಡೆಯಿರಿ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಯ ದತ್ತಾಂಶಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆಯು ಬಹಳವಾಗಿ ಏರಿದ್ದನ್ನು ಕಂಡೆವು. ಅಗತ್ಯಕ್ಕೆ ಮೀರಿ ಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕೂ ಮುಖ್ಯವಾದ ಮಾತೊಂದಿದೆ. ಅಂಗಗಳನ್ನು ಹಣಕ್ಕೆ ಮರಳಿ ತರಬಹುದು. ತೀರಿಹೋದ ಹಿರಿಯರ ಛಾಯಾಚಿತ್ರ, ಮಗುವಿನ ಮೊದಲ ತೊದಲ್ನುಡಿ ಇವು ಡಿಸ್ಕಿನೊಡನೆ ಹೋದರೆ ಯಾವ ಪೇಟೆಯಲ್ಲಿಯೂ ಸಿಕ್ಕವು. ಆದುದರಿಂದ ತಿರುಪಿಗೆ ಕೈಹಾಕುವ ಮುನ್ನ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ, ನಕಲು ಸರಿಯಾಗಿದೆಯೆಂದು ಮನೆಯವರೆಲ್ಲರೂ ಖಚಿತಮಾಡಿಕೊಳ್ಳಲಿ. ಬಳಿಕ ಉಳಿದ ಹಳೆಯ ಅಂಗಗಳನ್ನು ತಿಪ್ಪೆಗೆ ಹಾಕಬಾರದು; 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇವು ನೋಂದಾಯಿತ ಸಂಸ್ಕರಣಕಾರರನ್ನು ಸೇರಬೇಕು.

ನಮ್ಮ ಹಾಸನದಲ್ಲಿ 1982ರಿಂದ ಇರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು ಸುಮಾರು 36,000 ಕಿಲೋಮೀಟರು ಎತ್ತರದ ಉಪಗ್ರಹಗಳನ್ನು ನಡೆಸುವರು. ಆ ಉಪಗ್ರಹದ ಒಂದು ಅಂಗ ಕೆಟ್ಟರೆ ತಿರುಪು ಬಿಚ್ಚಿ ಬದಲಿಸುವಂತಿಲ್ಲ. ನಮ್ಮ ಮೇಜಿನ ಮೇಲಿನ ಪೆಟ್ಟಿಗೆಗೆ ಆ ಕಷ್ಟವಿಲ್ಲ. ನಾಲ್ಕು ತಿರುಪು ಬಿಚ್ಚಿ ನೋಡುವಷ್ಟು ತಾಳ್ಮೆಯನ್ನು ತೋರಿದ ಗೃಹಸ್ಥನಿಗೆ ಸಾಲದ ಒಂದು ಭಾರವಾದರೂ ತಪ್ಪೀತು.