ನಿಯಮ ಬರೆಯುವವರಿಗೂ ನಿಯಮವಿರಲಿ



ಜಪಾನಿನಲ್ಲಿ ದುಡಿಯುವ ನಮ್ಮ ಬದುಕು ಲೆಕ್ಕ ಒಪ್ಪಿಸುವ ಬದುಕು. ಕಚೇರಿಯ ಕೆಲಸಕ್ಕೆ ಖರ್ಚಾದ ಕೆಲವೇ ಯೆನ್‌ಗಳಿಗೂ ರಸೀದಿ ಕೊಡುತ್ತೇವೆ. ಉದ್ಯೋಗ ಬದಲಿಸಿದರೆ 14 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸುತ್ತೇವೆ. ಉದ್ಯೋಗದ ವೀಸಾದಲ್ಲಿರುವವರು ಸಕಾರಣವಿಲ್ಲದೆ 3 ತಿಂಗಳು ಕೆಲಸದಿಂದ ದೂರವಿದ್ದರೆ ವಾಸದ ಅನುಮತಿಯೇ ರದ್ದಾಗಬಹುದು. ಈ ಶಿಸ್ತಿನ ಬಗ್ಗೆ ನಮಗೆ ದೂರಿಲ್ಲ. ಶಿಸ್ತು ಎಲ್ಲರಿಗೂ ಒಂದೇ ಆಗಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

2022ರ ಜುಲೈನಲ್ಲಿ ಇಲ್ಲಿನ ಮೇಲ್ಮನೆಗೆ ಆಯ್ಕೆಯಾದ ಯೋಶಿಕಾಜು ಹಿಗಾಶಿತಾನಿ ವಿದೇಶದಲ್ಲಿಯೇ ಉಳಿದು ಒಂದು ದಿನವೂ ಸದನಕ್ಕೆ ಬರಲಿಲ್ಲ. ಸದನ ಅವರನ್ನು ಉಚ್ಚಾಟಿಸಿದ್ದು 2023ರ ಮಾರ್ಚ್ 15ರಂದು. ಅಲ್ಲಿಯವರೆಗೆ ವೇತನ ಸಲ್ಲುತ್ತಲೇ ಇತ್ತು. ಅದಕ್ಕೂ ಮೊದಲು, 2021ರ ಅಕ್ಟೋಬರ್ 31ರ ಚುನಾವಣೆಯಲ್ಲಿ ಗೆದ್ದ ಹೊಸಬರಿಗೆ ಆ ಒಂದೇ ದಿನಕ್ಕೆ ಇಡೀ ತಿಂಗಳ ಭತ್ಯೆ, 10 ಲಕ್ಷ ಯೆನ್, ದೊರೆಯಿತು. ಅದಕ್ಕೆ ರಸೀದಿ ಬೇಕಿರಲಿಲ್ಲ. ಜನ ಸಿಡಿದೆದ್ದ ಮೇಲೆಯೇ ದಿನಲೆಕ್ಕದ ಪದ್ಧತಿ ಬಂದಿತು.

ನಮ್ಮನ್ನು ಹೆಚ್ಚು ನೋಯಿಸುವುದು 2024ರ ಜೂನ್ ತಿಂಗಳು. 14ರಂದು ಸಂಸತ್ತು ವಲಸೆ ಕಾಯ್ದೆಯನ್ನು ತಿದ್ದಿ, ಉದ್ದೇಶಪೂರ್ವಕವಾಗಿ ತೆರಿಗೆ ಕಟ್ಟದವರ ಶಾಶ್ವತ ವಾಸದ ಹಕ್ಕನ್ನು ಹಿಂಪಡೆಯಲು ಅವಕಾಶ ಕಲ್ಪಿಸಿತು. ನಿಧಿಸಂಗ್ರಹ ಕೂಟಗಳ ಹಣವನ್ನು ಲೆಕ್ಕಕ್ಕೆ ತೋರಿಸದ ಹಗರಣದಲ್ಲಿ ಆಡಳಿತ ಪಕ್ಷವೇ ತನ್ನ 39 ಮಂದಿಯನ್ನು ಶಿಸ್ತುಕ್ರಮಕ್ಕೆ ಗುರಿಪಡಿಸಿದ್ದ ವರ್ಷವದು. ಐದೇ ದಿನಗಳ ನಂತರ ಅದೇ ಸಂಸತ್ತು ರಾಜಕೀಯ ನಿಧಿ ಕಾಯ್ದೆಯನ್ನು ತಿದ್ದಿತು. ಅದರಂತೆ ಪಕ್ಷಗಳ ಕಾರ್ಯನೀತಿ ನಿಧಿಯ ರಸೀದಿಗಳು ಬಹಿರಂಗವಾಗಬೇಕಾದದ್ದು 10 ವರ್ಷಗಳ ಬಳಿಕ! ಟೀಕೆ ನಿಲ್ಲದಿದ್ದಾಗ ಡಿಸೆಂಬರ್‌ನಲ್ಲಿ ಆ ನಿಧಿಯನ್ನೇ ರದ್ದುಪಡಿಸಿದರು ಎಂಬುದು ನಿಜ. ಆದರೆ ಮೊದಲು ತಮಗಾಗಿ ಹತ್ತು ವರ್ಷದ ಗಡುವು ಬರೆದುಕೊಂಡ ಮನಸ್ಸು ಯಾವುದು?

ತವರಿನಲ್ಲಿಯೂ ಇದೇ ಮನಸ್ಸು. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆ ಗದ್ದಲದ ನಡುವೆ, ಚರ್ಚೆಯಿಲ್ಲದೆ, ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರ ರೂಪಾಯಿಗೆ ಏರಿಸಿತು. ತನ್ನ ಸಂಬಳವನ್ನು ತಾನೇ ದುಪ್ಪಟ್ಟು ಮಾಡಿಕೊಳ್ಳುವ ಕಾರ್ಮಿಕ ಎಲ್ಲಿದ್ದಾನೆ?

ಚುನಾಯಿತರು ನೌಕರರಲ್ಲ, ಅವರನ್ನು ಯಾವ ಧಣಿಯೂ ವಜಾ ಮಾಡುವಂತಿರಬಾರದು ಎಂಬ ವಾದವುಂಟು. ನಾವೂ ಅದನ್ನು ಒಪ್ಪುತ್ತೇವೆ. ಆದರೆ ಹಾಜರಿ ಮತ್ತು ರಸೀದಿಯಿಂದ ಯಾವ ಪ್ರತಿನಿಧಿಯ ಸ್ವಾತಂತ್ರ್ಯಕ್ಕೂ ಕುಂದಿಲ್ಲ. ಐದೋ ಆರೋ ವರ್ಷಗಳಿಗೊಮ್ಮೆ ಬರುವ ಮತದಾನವೊಂದೇ ಉತ್ತರದಾಯಿತ್ವ ಎನ್ನುವುದಾದರೆ, ನಮ್ಮನ್ನೂ ಐದು ವರ್ಷ ಯಾರೂ ಕೇಳದಿರಲಿ.

ಇಲ್ಲಿ ತೆರಿಗೆ ಕಟ್ಟುವ ನಮಗೆ ಮತವಿಲ್ಲ. ಅಲ್ಲಿ ಮತವಿದ್ದರೂ ಊರಿನ ಮತಗಟ್ಟೆಗೆ ಹೋಗಿಯೇ ಹಾಕಬೇಕು. ಆದರೂ ನಮಗೆ ಬಾಯಿಯುಂಟು. ತವರಿನ ಜನಪ್ರತಿನಿಧಿಗಳು ನಮ್ಮ ರಾಜ್ಯೋತ್ಸವದ ವೇದಿಕೆಗೆ ಬಂದಾಗ ಹಾರ ಹಾಕೋಣ, ಶಾಲು ಹೊದಿಸೋಣ. ಜೊತೆಗೆ ಒಂದು ಪ್ರಶ್ನೆಯನ್ನೂ ವಿನಯದಿಂದ ಮುಂದಿಡೋಣ: ಕಳೆದ ಅಧಿವೇಶನದಲ್ಲಿ ತಾವು ಎಷ್ಟು ದಿನ ಹಾಜರಿದ್ದಿರಿ?