ತಕ್ಕಡಿಯ ಮುಳ್ಳು

ಸಮಾಜವು ಮುಂದುವರಿಯಿತೆಂದು ವಾದಿಸುವವರ ಬಳಿ ಎರಡು ಸಾಕ್ಷ್ಯಗಳು ಸದಾ ಸಿದ್ಧವಾಗಿರುತ್ತವೆ: ಒಂದು ಹಣ, ಇನ್ನೊಂದು ಕಾಯಿದೆ. ಹಣವು ಹೆಚ್ಚಿರುವುದು ದಿಟ. ಕಾಯಿದೆಗಳು ಬೆಳೆದಿರುವುದೂ ದಿಟ. ಆದರೆ ತಟ್ಟೆಗಳು ಹೊಳೆಯುತ್ತಿರುವ ಮಾತ್ರಕ್ಕೆ ತೂಕವು ಸರಿಯಾಯಿತೆಂದು ಯಾವ ಗಿರಾಕಿಯೂ ಒಪ್ಪುವುದಿಲ್ಲ. ಮುಳ್ಳು ಎತ್ತ ವಾಲಿದೆಯೆಂಬುದನ್ನು ನೋಡಬೇಕಷ್ಟೆ.

ಮೊದಲು ಆಟದ ಹಣವನ್ನೇ ತೂಗಿ ನೋಡಬಹುದು. ಐಪಿಎಲ್ ಕ್ರಿಕೆಟಿನ ಐದು ವರ್ಷಗಳ ಪ್ರಸಾರದ ಹಕ್ಕು 2022ರಲ್ಲಿ 48,390 ಕೋಟಿ ರೂಪಾಯಿಗಳಿಗೆ ಹರಾಜಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋಖೋ ವಿಶ್ವಕಪ್ಪನ್ನು ಭಾರತವು ಸ್ತ್ರೀಪುರುಷರ ಎರಡು ವಿಭಾಗಗಳಲ್ಲಿಯೂ ಗೆದ್ದಿತು. ಆ ತಂಡಗಳಲ್ಲಿದ್ದ ಕನ್ನಡಿಗರು ಇಬ್ಬರು: ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರ ಮತ್ತು ಎಂ. ಕೆ. ಗೌತಮ್. ಇವರಿಗೆ ರಾಜ್ಯ ಸರ್ಕಾರವು ಘೋಷಿಸಿದುದು ತಲಾ 5 ಲಕ್ಷ. ಮಹಾರಾಷ್ಟ್ರವು ತನ್ನ ಆಟಗಾರರಿಗೆ ಘೋಷಿಸಿದುದು ತಲಾ 2.25 ಕೋಟಿ. ಇಬ್ಬರೂ ಆ ಬಹುಮಾನವನ್ನು ನಿರಾಕರಿಸಿದರು. ಅದು ದುರಾಸೆಯಲ್ಲ, ಮಾನದ ಪ್ರಶ್ನೆ.

ಕ್ರಿಕೆಟು ತಾನು ಗಳಿಸಿದ್ದನ್ನು ತಾನು ಉಣ್ಣುತ್ತದೆ, ಇದರಲ್ಲಿ ಸರ್ಕಾರದ ತಪ್ಪೇನು ಎಂದು ಕೇಳುವವರುಂಟು. ಹಾಗಾದರೆ 2025ರ ಜೂನ್ 4ರಂದು ಖಾಸಗಿ ಒಡೆತನದ ತಂಡವೊಂದರ ಗೆಲುವಿಗೆ ವಿಧಾನಸೌಧದ ಮೆಟ್ಟಿಲು ವೇದಿಕೆಯಾದುದು ಏತಕ್ಕೆ? ಅದೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಜನರು ಅಸುನೀಗಿದರು. ಲಾಭವು ಖಾಸಗಿಯವರದು, ಗೌರವವು ಸರ್ಕಾರದ್ದು, ಸಾವು ಮಾತ್ರ ಜನರದು! ಇಂಥ ಲೆಕ್ಕವನ್ನು ಪ್ರಗತಿಯೆಂದು ಕರೆಯಲು ನಾಲಗೆಯು ಹೇಗೆ ಹೊರಳೀತು?

ನ್ಯಾಯಾಲಯಗಳು ಸುಮ್ಮನಿರಲಿಲ್ಲವೆಂಬುದನ್ನು ಒಪ್ಪಬೇಕು. ಕ್ರಿಕೆಟ್ ಮಂಡಳಿಯ ಆಡಳಿತಗಾರರು ಐಪಿಎಲ್ ತಂಡಗಳಲ್ಲಿ ವ್ಯಾಪಾರದ ಪಾಲು ಹೊಂದಲು ಅವಕಾಶವಿತ್ತಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಜನವರಿಯಲ್ಲಿ ರದ್ದುಮಾಡಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧಿಪತಿಯಾಗಲಾಗದೆಂಬುದು ಹಳೆಯ ಧರ್ಮ. ಹೊಲದ ಬದುವಿನ ಜಗಳವನ್ನು ಆ ಬದುವಿನ ಒಡೆಯನೇ ತೀರ್ಮಾನಿಸಿದರೆ ಹಳ್ಳಿಗರೂ ಒಪ್ಪರು.

ಆದರೆ ಇದೇ ಧರ್ಮವನ್ನು ಊರಿನೊಳಕ್ಕೆ ತಂದು ನೋಡಿದರೆ ತಲೆ ತಗ್ಗುತ್ತದೆ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಪರಿಶಿಷ್ಟ ಜಾತಿಯ ಹೆಂಗಸೊಬ್ಬಳು ನೀರು ಕುಡಿದಳೆಂದು ತೊಟ್ಟಿಯನ್ನು ಬರಿದುಮಾಡಿ ಗೋಮೂತ್ರದಿಂದ ತೊಳೆದರೆಂಬ ದೂರು ಎದ್ದಿತು. ಅಲ್ಲಿ ವಾದಿ ಯಾರು, ತೀರ್ಪುಗಾರ ಯಾರು? ನೀರಿನ ಮೇಲೆ ತನಗೇ ಹಕ್ಕೆಂದವನೇ ನ್ಯಾಯಾಧಿಪತಿಯೂ ಆಗಿದ್ದನು. 2000ದ ಮಾರ್ಚಿಯಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವವಾಗಿ ದಹಿಸಲ್ಪಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನ್ಯಾಯಾಧೀಶನು ಎಷ್ಟೇ ನಿಷ್ಪಕ್ಷಪಾತಿಯಾಗಿರಲಿ, ಸಾಕ್ಷಿಯು ಸಂಜೆಗೆ ಮರಳಬೇಕಾದುದು ಅದೇ ಊರಿಗೆ. ಊರು ಪಕ್ಷಪಾತಿಯಾಗಿರುವ ತನಕ ನ್ಯಾಯಪೀಠದ ನಿಷ್ಪಕ್ಷಪಾತವು ಅರ್ಧ ನ್ಯಾಯವೇ ಸರಿ.

ಇದೇ ಮೈಸೂರು ಸೀಮೆಯಲ್ಲಿ ಸರ್ ಲೆಸ್ಲಿ ಮಿಲ್ಲರ್ ಎಂಬ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಯು 1919ರಷ್ಟು ಹಿಂದೆಯೇ, ಸರ್ಕಾರಿ ಕೆಲಸಗಳು ಒಂದೇ ವರ್ಗದ ಪಾಲಾಗಬಾರದೆಂದು ವರದಿಯಿತ್ತಿತು. ಮುಳ್ಳು ವಾಲಿದ ತಕ್ಕಡಿಯನ್ನು ಹಾಗೆಯೇ ಬಿಡುವುದು ನಿಷ್ಪಕ್ಷಪಾತವಲ್ಲ, ವಾಲಿದ ಕಡೆಗೆ ಮಾಡುವ ಸಹಾಯವೆಂಬುದನ್ನು ಆ ವರದಿಯು ಕಲಿಸಬೇಕಾಗಿತ್ತು. ನೂರು ವರ್ಷ ಕಳೆದರೂ ಪಾಠವು ಪೂರ್ತಿ ತಲೆಗೆ ಹತ್ತಿಲ್ಲ.

ಆದಕಾರಣ ಪ್ರಗತಿಯನ್ನು ಅಳೆಯಬೇಕೆನ್ನುವವರು ಬೆಂಗಳೂರಿನ ದೀಪಗಳನ್ನು ಎಣಿಸುವುದು ಬೇಡ. ಉಡಿಗಾಲದಂಥ ಊರಿಗೆ ಬರಲಿ. ಶಾಲೆಯ ಬಯಲಿನಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಖೋಖೋಗೆ ಕೂಡುವರೆ? ಆಟ ಮುಗಿದಮೇಲೆ ಒಂದೇ ನಲ್ಲಿಗೆ ಬೊಗಸೆಯೊಡ್ಡುವರೆ? ಅವರಲ್ಲೊಬ್ಬನಿಗೆ ಅನ್ಯಾಯವಾದರೆ ಮಿಕ್ಕವರು ಹೆದರದೆ ಸಾಕ್ಷಿ ನುಡಿಯುವರೆ? ಈ ಮೂರಕ್ಕೂ ಹೌದೆಂಬ ಉತ್ತರವು ದೊರೆತ ದಿನ ನಾಡು ಮುಂದುವರಿಯಿತೆನ್ನಬಹುದು. ಅಲ್ಲಿಯ ತನಕ ಕೋಟಿಗಳ ಲೆಕ್ಕವು ಬರಿಯ ಸದ್ದು.